ನಾಲಿಗೆಯ ಮೇಲೆ ಮೂರು ಗುರುತು

ಗಡಿಯಾರ ರಿಪೇರಿಯವನ ಎಡಗಣ್ಣಿಗೆ ಸದಾ ಒಂದು ಪುಟ್ಟ ಭೂತಗನ್ನಡಿ ಕಚ್ಚಿಕೊಂಡಿರುತ್ತಿತ್ತು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯಲು ಮರೆತು, ತಟ್ಟೆಯ ಅಂಚಿನಲ್ಲಿದ್ದ ಉಪ್ಪಿನ ಹರಳನ್ನು ಕಂಡು ಬೆಚ್ಚಿಬಿದ್ದ ದಿನಗಳೂ ಇವೆ. ಜಗತ್ತನ್ನು ಹತ್ತು ಪಟ್ಟು ದೊಡ್ಡದಾಗಿ ನೋಡುವವನಿಗೆ ಸಣ್ಣ ವಿಷಯ ಎಂಬುದೇ ಇರುವುದಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಅದೇ ಮೂಲ.

ಗುರುವಾರ ಮಧ್ಯಾಹ್ನ ಅವನ ಕೈಯಿಂದ ಎಳ್ಳಿಗಿಂತ ಚಿಕ್ಕದಾದ ಒಂದು ತಿರುಪು ಜಾರಿ ಮೇಜಿನ ಕೆಳಗೆ ಬಿತ್ತು. ಹುಡುಕಲೆಂದು ಮಂಡಿಯೂರಿ ಬಗ್ಗಿದ. ಮೇಜಿನ ಕೆಳಗೆ ಕೀಲಿ ಮಲಗಿದ್ದಳು. ಕೀಲಿ ಎಂದರೆ ಕಂದು ಬಣ್ಣದ ಹೆಣ್ಣು ನಾಯಿ. ಎರಡು ವರ್ಷದ ಹಿಂದೆ ಒಂದು ಬಿಸಿಲು ಮಧ್ಯಾಹ್ನ ತಾನಾಗಿ ಅಂಗಡಿಯೊಳಗೆ ಬಂದು, ಫ್ಯಾನಿನ ಗಾಳಿ ಬೀಳುವ ಜಾಗವನ್ನು ಸರಿಯಾಗಿ ಆರಿಸಿಕೊಂಡು ಮಲಗಿದವಳು ಮತ್ತೆ ಎದ್ದು ಹೋಗಲೇ ಇಲ್ಲ. ಯಜಮಾನನ ಮುಖ ಅಷ್ಟು ಹತ್ತಿರ ಬಂದದ್ದನ್ನು ನೋಡಿ ಅವಳು ನಿಧಾನವಾಗಿ, ಗಂಟಲಿನ ತಳ ಕಾಣುವಷ್ಟು ಅಗಲವಾಗಿ ಆಕಳಿಸಿದಳು.

ಭೂತಗನ್ನಡಿಯಲ್ಲಿ ಅವನಿಗೆ ಕಂಡದ್ದು ಮೂರು ಕಪ್ಪು ಗುರುತು. ನಾಲಿಗೆಯ ಬುಡದ ಕಡೆಗೆ ಎರಡು, ತುದಿಗೆ ಒಂದು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ನೋಡಿ ಏನನ್ನೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ಗಡಿಯಾರದ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೈಗಡಿಯಾರವನ್ನು ಬಿಚ್ಚಿ ಸರಿಮಾಡಿದವನು ಹಿಂಬದಿಯ ಮುಚ್ಚಳದ ಒಳಗೆ, ಯಾರಿಗೂ ಕಾಣದ ಹಾಗೆ, ಸೂಜಿಯಿಂದ ತನ್ನದೊಂದು ಗುರುತು ಕೆರೆಯುತ್ತಾನೆ. ಮುಂದೆ ಅದನ್ನು ಬಿಚ್ಚುವವನಿಗೆ ಈ ಗಡಿಯಾರ ಎಷ್ಟು ಕೈ ದಾಟಿ ಬಂದಿದೆ ಎಂದು ತಿಳಿಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಮುಚ್ಚಳ ತೆಗೆದ ತಕ್ಷಣ ಗುರುತು ಎಣಿಸುವುದೇ ಅವನ ಮೊದಲ ಕೆಲಸವಾಗಿತ್ತು. ಈಗಲೂ ಎಣಿಸಿದ.

"ಮೂರು ಕೈ," ಎಂದು ಮೇಜಿನ ಕೆಳಗಿಂದಲೇ ಹೇಳಿದ.

ಸಂಜೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಸುದ್ದಿ ಮುಟ್ಟಿಸಿದ. "ನೋಡೇ, ನಮ್ಮ ಕೀಲಿ ಬೇರೆಯವರ ನಾಯಿ. ನಮಗಿಂತ ಮುಂಚೆ ಮೂರು ಜನದ ಹತ್ತಿರ ಇದ್ದಳು. ಗುರುತು ಹಾಕಿದ್ದಾರೆ."

ಅವಳು ನರ್ಸು. ದಿನಕ್ಕೆ ನಲವತ್ತು ನಾಲಿಗೆ ನೋಡುವವಳು. ಕೀಲಿಯ ಬಾಯಿ ತೆರೆದು ನೋಡಿ, "ಮಚ್ಚೆ ಕಣ್ರೀ ಇದು. ನನ್ನ ಬೆನ್ನ ಮೇಲೂ ಇದೆ," ಎಂದಳು.

"ನಿನ್ನ ಬೆನ್ನ ಮೇಲೆ ಎಷ್ಟಿದೆ?"

"ಎರಡು."

ಅವನು ಎರಡು ಬೆರಳು ಮಡಿಸಿ ಏನನ್ನೋ ಎಣಿಸಿದ.

"ಏನ್ರೀ ಯೋಚನೆ ಮಾಡ್ತಿದ್ದೀರಿ?"

"ಏನಿಲ್ಲ, ಏನಿಲ್ಲ. ಕೈಕಾಲು ತೊಳ್ಕೋ."

ಇಲ್ಲಿ ಅವನ ಅತ್ತೆಯ ವಿಷಯ ಹೇಳದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಮಾವ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಅತ್ತೆ ಇವರ ಜೊತೆಗೇ ಬಂದಿದ್ದರು. ಮದುವೆಯಾಗಿ ಹದಿನಾರು ವರ್ಷವಾದರೂ ಅತ್ತೆ ಅಳಿಯ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವಲ್ಲ, ಮುನಿಸಲ್ಲ, ಬರೀ ಸಂಕೋಚ. ಮೊದಲ ದಿನ ಇಬ್ಬರಿಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಅದು ಹಾಗೆಯೇ ಗಟ್ಟಿಯಾಯಿತು. ಮಗಳು ಮಧ್ಯೆ ಇದ್ದಾಗ ನಡೆಯುತ್ತಿತ್ತು. ಅವಳು ಕೆಲಸಕ್ಕೆ ಹೋದ ಮೇಲೆ ಮುಂಭಾಗದ ಅಂಗಡಿಯಲ್ಲಿ ಅಳಿಯ, ಹಿಂದಿನ ಅಡುಗೆಮನೆಯಲ್ಲಿ ಅತ್ತೆ, ನಡುವೆ ಹದಿನೇಳು ಗೋಡೆ ಗಡಿಯಾರಗಳ ಟಿಕ್ ಟಿಕ್. ಎರಡು ವರ್ಷ ಆ ಮನೆಯಲ್ಲಿ ಹಗಲು ಹೊತ್ತು ಗಡಿಯಾರ ಬಿಟ್ಟು ಯಾರೂ ಮಾತಾಡಲಿಲ್ಲ.

ಆಮೇಲೆ ಕೀಲಿ ಬಂದಳು.

"ಕೀಲಿ, ಅವರಿಗೆ ಹೇಳು, ಊಟ ಆರ್ತಿದೆ ಅಂತ," ಎಂದು ಅಡುಗೆಮನೆಯಿಂದ ಅತ್ತೆ ಹೇಳುತ್ತಿದ್ದರು. ಕೀಲಿ ಎದ್ದು ಅಂಗಡಿಗೆ ಬಂದು ಅವನ ಮುಖ ನೋಡುತ್ತಿದ್ದಳು. "ಅತ್ತೆಗೆ ಹೇಳು ಕೀಲಿ, ಈ ಸ್ಪ್ರಿಂಗ್ ಕೂರಿಸಿ ಬಂದೆ," ಎನ್ನುತ್ತಿದ್ದ ಅವನು. ಕೀಲಿ ಹಿಂದಕ್ಕೆ ಹೋಗುತ್ತಿದ್ದಳು. ಬರಬರುತ್ತಾ ಮಾತು ಬೆಳೆಯಿತು. ಮಂಡಿನೋವು, ತರಕಾರಿಯವನ ಕೊಬ್ಬು, ತೀರಿಕೊಂಡ ಮಾವನಿಗೆ ಮೂಗಿನ ಮೇಲಿದ್ದ ಕೋಪ, ಎಲ್ಲವೂ ಕೀಲಿಯ ಮೂಲಕವೇ ಹೋಗಿ ಬರುತ್ತಿದ್ದವು. ಅವಳು ಒಂದು ಮಾತನ್ನೂ ದಾರಿಯಲ್ಲಿ ಬೀಳಿಸಿದವಳಲ್ಲ.

ಇಂಥ ನಾಯಿ ಬೇರೆಯವರ ಸೊತ್ತು ಎಂದು ಗೊತ್ತಾದರೆ ಸಾಮಾನ್ಯ ಮನುಷ್ಯ ಸುಮ್ಮನಿದ್ದುಬಿಡುತ್ತಾನೆ. ಗಡಿಯಾರದವನ ಪ್ರಾಮಾಣಿಕತೆ ಮಾತ್ರ ಎಂಥವರಿಗೂ ತಲೆನೋವು ತರುವಂಥದ್ದು. ರಿಪೇರಿಗೆ ಕೊಟ್ಟು ಮರಳಿ ಒಯ್ಯಲು ಬಾರದವರ ಅರವತ್ತೊಂದು ಗಡಿಯಾರಗಳು ಅವನ ಗಾಜಿನ ಬೀರುವಿನಲ್ಲಿದ್ದವು. ಒಂದೊಂದಕ್ಕೂ ಚೀಟಿ ಕಟ್ಟಿ, ಎಂದಾದರೂ ಬಂದಾರು ಎಂದು ಇಟ್ಟಿದ್ದ. ಆ ರಾಶಿಯಲ್ಲಿ ಯಾವುದನ್ನೂ ಮಾರಿದವನಲ್ಲ, ಕಟ್ಟಿಕೊಂಡವನಲ್ಲ. ಶುಕ್ರವಾರ ಬೆಳಗ್ಗೆ ಎದ್ದು ನೋಡಿದರೆ ಕೀಲಿಯ ಕೊರಳಲ್ಲೂ ಅಂಥದೇ ಚೀಟಿ ನೇತಾಡುತ್ತಿತ್ತು: "ಸಂಖ್ಯೆ ೬೨. ನಾಯಿ, ಹೆಣ್ಣು, ಕಂದು. ಚಾಲನೆಯಲ್ಲಿದೆ."

ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಕೀಲಿ, ಅವರನ್ನು ಕೇಳು, ನನಗೆ ಯಾವಾಗ ಚೀಟಿ ಕಟ್ತಾರೆ ಅಂತ."

ಕೀಲಿ ಬಂದು ಕೇಳಿದಳು. ಅವನು ಉತ್ತರದ ಬದಲು ಒಂದು ಪ್ರಕಟಣೆ ಬರೆದು ಅಂಗಡಿಯ ಗಾಜಿಗೆ ಅಂಟಿಸಿದ. ಒಂದು ಪ್ರತಿಯನ್ನು ಬಸ್ ನಿಲ್ದಾಣಕ್ಕೂ ಇನ್ನೊಂದನ್ನು ಬೇಕರಿಯ ಗೋಡೆಗೂ ಹಚ್ಚಿ ಬಂದ. "ನಾಯಿಯೊಂದು ನಮ್ಮಲ್ಲಿ ಬಂದು ಎರಡು ವರ್ಷವಾಗಿದೆ. ನಾಲಿಗೆಯ ಮೇಲೆ ಮೂರು ಕಪ್ಪು ಗುರುತುಗಳಿವೆ. ವಾರಸುದಾರರು ಸರಿಯಾದ ಗುರುತು ಹೇಳಿ ಕರೆದೊಯ್ಯತಕ್ಕದ್ದು."

ಮಹಡಿಯ ಮೇಲಿನ ನಿವೃತ್ತ ಹೆಡ್‌ಮಾಸ್ತರರು ಅದನ್ನು ಓದಿ ಒಳಗೆ ಬಂದರು. "ಅಲ್ಲಯ್ಯಾ, ಗುರುತನ್ನ ನೀನೇ ಬರೆದುಬಿಟ್ಟರೆ ಬಂದವರ ಹತ್ತಿರ ಕೇಳೋದೇನು?"

"ಬರೆಯದಿದ್ದರೆ ಅದು ತಮ್ಮ ನಾಯಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು ಸರ್?"

ಮೂವತ್ತೈದು ವರ್ಷ ಪಾಠ ಹೇಳಿದ ಹೆಡ್‌ಮಾಸ್ತರರು ತಲೆ ಕೆರೆದುಕೊಂಡರು. ಇಂಥ ಪ್ರಶ್ನೆ ಅವರ ಯಾವ ತರಗತಿಯಲ್ಲೂ ಬಂದಿರಲಿಲ್ಲ. ಸೋಲೊಪ್ಪಲಾರದೆ ಕೀಲಿಯ ಬಾಯಿಯನ್ನು ಪರೀಕ್ಷಿಸಿದರು. ಪರೀಕ್ಷಿಸಿ ನೆಟ್ಟಗೆ ನಿಂತರು.

"ಇದು ಸಾಮಾನ್ಯ ನಾಯಿ ಅಲ್ಲ. ನಾಲಿಗೆ ಪೂರ್ತಿ ನೀಲಿಗಪ್ಪು ಇರೋ ಒಂದು ದೊಡ್ಡ ತಳಿ ಇದೆ, ವಿಶ್ವಕೋಶದಲ್ಲಿ ಓದಿದ್ದೀನಿ. ಇದರಲ್ಲಿ ಆ ರಕ್ತ ಇದೆ. ಮೂರು ಗುರುತು ಅಂದರೆ ಮೂರು ತಲೆಮಾರು. ನೀನು ಇದಕ್ಕೆ ಮಿಕ್ಕಿದ್ದು ಮುಸುರೆ ಹಾಕ್ತಿದ್ದೀಯಲ್ಲ, ಛೇ!"

ಎದುರು ಮನೆಯ ಇಸ್ತ್ರಿಯಾಕೆ ಕಿಟಕಿಯಿಂದಲೇ ಕೂಗಿ ಹೇಳಿದಳು. "ತಳಿನೂ ಇಲ್ಲ ಗಿಳಿನೂ ಇಲ್ಲ. ಕರಿನಾಲಿಗೆ ಅದು! ಅದು ಬೊಗಳಿದ್ದೆಲ್ಲ ಆಗುತ್ತೆ. ಮೊನ್ನೆ ನನ್ನ ಇಸ್ತ್ರಿಪೆಟ್ಟಿಗೆ ನೋಡಿ ಬೊಗಳ್ತು, ಸಂಜೆಗೆ ಪ್ಯಾಂಟು ಸುಟ್ಟುಹೋಯ್ತು."

"ಪ್ಯಾಂಟು ನಂದು," ಎಂದರು ಹೆಡ್‌ಮಾಸ್ತರರು. "ನಾಯಿ ಬೊಗಳಿದ್ದು ಸುಟ್ಟ ವಾಸನೆ ಬಂದ ಮೇಲೆ."

"ಬೊಗಳ್ತೋ ಇಲ್ವೋ, ಅದು ಹೇಳಿ ಮೊದಲು!"

ಶನಿವಾರದ ಹೊತ್ತಿಗೆ ಬೀದಿ ಎರಡು ಪಂಗಡವಾಯಿತು. ಕೀಲಿ ದೊಡ್ಡ ಮನೆತನದವಳು ಎಂದು ಒಂದು ಪಂಗಡ. ಬಾಯಿ ಬಿಟ್ಟರೆ ಕೇಡು ಎಂದು ಇನ್ನೊಂದು. ಎರಡನೆಯ ಪಂಗಡದವರು ಅಂಗಡಿಯ ಮುಂದೆ ಹಾದುಹೋಗುವಾಗ ಕೀಲಿಗೆ ನಮ್ರವಾಗಿ ಬಿಸ್ಕತ್ತು ಹಾಕಿ ಹೋಗುತ್ತಿದ್ದರು. ಮೊದಲನೆಯ ಪಂಗಡದವರು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಎಲ್ಲರೂ ವಾರಸುದಾರರೇ.

"ಗುರುತು ಹೇಳಿ," ಎಂದು ಗಡಿಯಾರದವನು ಗಂಭೀರವಾಗಿ ಕೇಳಿದ.

"ನಾಲಿಗೆ ಮೇಲೆ ಮೂರು ಕಪ್ಪು ಗುರುತು."

ಅವನು ದಂಗಾಗಿ ಹೆಂಡತಿಯ ಕಡೆ ತಿರುಗಿದ. "ಸರಿಯಾಗಿ ಹೇಳಿದರು ಕಣೇ!"

ಮುಂದಿನವನೂ ಸರಿಯಾಗಿ ಹೇಳಿದ. ಅದರ ಮುಂದಿನವಳೂ. ಮಧ್ಯಾಹ್ನದೊಳಗೆ ಹನ್ನೊಂದು ಜನ ತಪ್ಪಿಲ್ಲದೆ ಹೇಳಿದ್ದರು. ಗುರುತು ಇರುವುದು ಮೂರು, ಸರಿಯಾಗಿ ಹೇಳಿದವರು ಹನ್ನೊಂದು; ಹಾಗಾದರೆ ಎಂಟು ಜನಕ್ಕೆ ಎಲ್ಲಿಯೋ ಏನೋ ತಪ್ಪು ತಿಳಿವಳಿಕೆಯಾಗಿದೆ ಎಂದು ಅವನು ತೀರ್ಮಾನಿಸಿದ. ಸುಳ್ಳು ಹೇಳುತ್ತಿದ್ದಾರೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಒಬ್ಬ ತನ್ನ ನಾಯಿ ಗಂಡು ಎಂದ. ಒಬ್ಬಾಕೆ ತಂದಿದ್ದ ಫೋಟೋದಲ್ಲಿ ಇದ್ದದ್ದು ಬೆಕ್ಕು. "ನಾಯಿ ಅದರ ಹಿಂದೆ ನಿಂತಿದೆ, ಕಾಣ್ತಿಲ್ಲ," ಎಂದಳು. ಅವನು ಫೋಟೋವನ್ನು ಭೂತಗನ್ನಡಿಗೆ ಹಿಡಿದು ಬೆಕ್ಕಿನ ಹಿಂದೆ ಕಾಲು ಗಂಟೆ ಹುಡುಕಿದ.

ಅತ್ತೆ ಆ ದಿನವೆಲ್ಲ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕೀಲಿಯನ್ನು ಕರೆದು ಯಾವ ಮಾತನ್ನೂ ಕಳಿಸಲಿಲ್ಲ. ಅವನು ಒಳಗಿಣುಕಿ ನೋಡಿದಾಗ ಅವರು ಒಂದು ಹಳೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ ಹೊಲಿಯುತ್ತಿದ್ದರು. ನಾಯಿ ಎಲ್ಲಿಗೇ ಹೋದರೂ ಮಲಗಲು ಏನಾದರೂ ಬೇಕಲ್ಲ. ಅವನು ಏನೋ ಹೇಳಬೇಕೆಂದು ನಿಂತ. ಕೀಲಿ ಪಕ್ಕದಲ್ಲಿರಲಿಲ್ಲವಾದ್ದರಿಂದ ಹೇಗೆ ಹೇಳುವುದೆಂದು ತಿಳಿಯದೆ ಹಿಂದಕ್ಕೆ ಬಂದ.

ಭಾನುವಾರ, ರಜೆ ಎಂದೂ ನೋಡದೆ, ನಗರಸಭೆಯ ಆರೋಗ್ಯ ನಿರೀಕ್ಷಕರು ಬಂದರು. ನಾಯಿಯೊಂದರ ನಾಲಿಗೆ ಕೊಳೆತು ಕಪ್ಪಾಗಿದೆ, ಬೀದಿಯವರ ಪ್ರಾಣ ಅಪಾಯದಲ್ಲಿದೆ ಎಂದು ಅರ್ಜಿ ಹೋಗಿತ್ತು. ಸಹಿ ಇರಲಿಲ್ಲ, ಕಾಗದಕ್ಕೆ ಮಾತ್ರ ನೀಟಾಗಿ ಇಸ್ತ್ರಿ ಹಾಕಿತ್ತು.

"ಬಣ್ಣ?" ಎಂದರು ನಿರೀಕ್ಷಕರು, ನಮೂನೆ ತೆರೆದು.

"ಕಂದು ಸರ್."

"ನಾಯಿದಲ್ಲ. ನಾಲಿಗೆದು."

"ಗುಲಾಬಿ ಸರ್. ಮಧ್ಯೆ ಮೂರು ಕಡೆ ಕಪ್ಪು."

"ಒಂದು ಬಣ್ಣ ಹೇಳ್ರಿ. ಇಲ್ಲಿರೋದು ಒಂದೇ ಕಾಲಂ."

ಕಡೆಗೆ ಅವರು, ನಾಳೆ ಸಂಜೆಯೊಳಗೆ ಪಶುವೈದ್ಯರ ಸರ್ಟಿಫಿಕೇಟು ತರಬೇಕು, ತಪ್ಪಿದರೆ ನಾಯಿಯನ್ನು ನಗರಸಭೆಯ ದೊಡ್ಡಿಗೆ ಸಾಗಿಸಲಾಗುವುದು ಎಂದು ಬರೆದುಕೊಟ್ಟು, ಕೀಲಿಯಿಂದ ಐದಡಿ ದೂರದಲ್ಲಿ ಸುತ್ತುಹಾಕಿ ಹೊರಟುಹೋದರು.

ಸೋಮವಾರ ಹೆಂಡತಿಗೆ ರಜೆ ಸಿಗಲಿಲ್ಲ. ಕೀಲಿಯನ್ನು ಕರೆದುಕೊಂಡು ಅವನು ಹೊರಡುತ್ತಿದ್ದಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಕೀಲಿ, ನಾನೂ ಬರ್ತೀನಿ ಅಂತ ಹೇಳು." ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಆ ತುದಿಗೆ ಅತ್ತೆ, ಈ ತುದಿಗೆ ಅಳಿಯ, ನಡುವೆ ಕೀಲಿ. ಮೂರು ನಿಲ್ದಾಣದವರೆಗೂ ಇಬ್ಬರ ಕೈಯೂ ನಾಯಿಯ ಬೆನ್ನ ಮೇಲೇ ಇತ್ತು.

ಪಶುವೈದ್ಯೆ ಚಿಕ್ಕ ವಯಸ್ಸಿನವಳು. ಕೀಲಿಯ ನಾಲಿಗೆಯನ್ನು ಹಿಡಿದು, ಬೆರಳಲ್ಲಿ ಸವರಿ, ಬಿಟ್ಟಳು. "ಏನೂ ಇಲ್ಲ. ಮೈಗೆ ಬಣ್ಣ ಕೊಡೋ ಅಂಶ ಅಲ್ಲಿ ಸ್ವಲ್ಪ ಜಾಸ್ತಿ ಕೂತಿದೆ, ಅಷ್ಟೆ. ನಮಗೆಲ್ಲ ಮಚ್ಚೆ ಇರುತ್ತಲ್ಲ, ಹಾಗೇ."

"ಕಾಯಿಲೆ?"

"ಇಲ್ಲ. ಗುರುತು ಉಬ್ಬಿದರೆ, ಗಾಯ ಆದರೆ, ಬಾಯಿ ವಾಸನೆ ಬಂದರೆ, ಊಟ ಬಿಟ್ಟರೆ ಕರ್ಕೊಂಡು ಬನ್ನಿ."

"ದೊಡ್ಡ ತಳಿ ಅಂತಾರೆ..."

"ಬಂಗಲೆ ನಾಯಿಗೂ ಇರುತ್ತೆ, ಬೀದಿ ನಾಯಿಗೂ ಇರುತ್ತೆ. ಅದರಿಂದ ಜಾತಕ ಬರೆಯೋಕಾಗಲ್ಲ. ಕೆಲವಕ್ಕೆ ಹುಟ್ಟಿದಾಗಲೇ ಇರುತ್ತೆ, ಕೆಲವಕ್ಕೆ ಬೆಳೀತಾ ಬೆಳೀತಾ ಬರುತ್ತೆ."

ಅವನು ಕುರ್ಚಿಯ ತುದಿಗೆ ಸರಿದು ದನಿ ತಗ್ಗಿಸಿದ. "ಹಾಗಾದರೆ ಯಾರೂ... ಕೆರೆದು ಬರೆದಿದ್ದಲ್ಲ?"

ವೈದ್ಯೆ ಅವನ ಮುಖ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. ಅತ್ತೆ ಕಿಟಕಿಯ ಹೊರಗೆ ನೋಡಿದರು.

ಸರ್ಟಿಫಿಕೇಟು ಅಂಗಡಿಯ ಗಾಜಿನ ಮೇಲೆ ಏರಿದ ಅರ್ಧ ಗಂಟೆಯೊಳಗೆ ಹನ್ನೊಂದು ವಾರಸುದಾರರೂ ಮಾಯವಾದರು. ಫೋಟೋದಾಕೆ ಮಾತ್ರ ಬೆಕ್ಕಿನ ಫೋಟೋವನ್ನು ವಾಪಸು ಕೇಳಿ ಪಡೆದಳು. ಹೆಡ್‌ಮಾಸ್ತರರು ತಮಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ಬಿಸ್ಕತ್ತು ಬರುವುದು ನಿಂತಿತು.

ಸುದ್ದಿ ಹೇಳಲು ಅವನು ಆಸ್ಪತ್ರೆಗೆ ಫೋನು ಮಾಡಿದ. "ಮಚ್ಚೆ ಅಂತೆ ಕಣೇ!"

"ನಾನು ಗುರುವಾರವೇ ಹೇಳಿದ್ದೆ."

"ನೀನು ಹೇಳಿದ್ದೆ. ಡಾಕ್ಟರು ಸೀಲು ಹಾಕಿ ಕೊಟ್ಟರು."

ಫೋನು ಇಟ್ಟು ಕೀಲಿಯ ಕೊರಳಿನ ಚೀಟಿಯನ್ನು ಕತ್ತರಿಸಿದ. ಗಾಜಿನ ಮೇಲಿನ ಪ್ರಕಟಣೆಯನ್ನು ಕಿತ್ತ. ಬಸ್ ನಿಲ್ದಾಣದ್ದನ್ನು ಬರುವಾಗಲೇ ಕಿತ್ತು ತಂದಿದ್ದ. ಮೂರನೆಯದು ಅವನಿಗೆ ನೆನಪಾಗಲಿಲ್ಲ.

ಮೂರು ಗಂಟೆಯ ಸುಮಾರಿಗೆ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿದ. ಐವತ್ತು ದಾಟಿದವನು. ಹುಬ್ಬಿನ ಮೇಲೆ ಮೈದಾಹಿಟ್ಟಿನ ಪುಡಿ. ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದ. "ಬೇಕರಿಯಲ್ಲಿ ಒಲೆ ನೋಡ್ಕೊಳ್ಳೋನು ನಾನು. ಇಲ್ಲಿ ಯಾವುದೋ ನಾಯಿ..."

ಮಾತು ಮುಗಿಯಲಿಲ್ಲ. ಮೇಜಿನ ಕೆಳಗಿದ್ದ ಕೀಲಿ ತಲೆಯೆತ್ತಿದಳು. ಕಿವಿ ನಿಮಿರಿತು. ಆಮೇಲೆ ಆ ಮನೆಯಲ್ಲಿ ಯಾರೂ ಕೇಳಿರದಿದ್ದ ಒಂದು ಸಣ್ಣ, ಎಳೆಯ ದನಿ ಅವಳ ಗಂಟಲಿನಿಂದ ಬಂತು. ಒಂದೇ ನೆಗೆತಕ್ಕೆ ಹೋಗಿ ಅವನ ಎದೆಯ ಮೇಲೆ ಎರಡೂ ಮುಂಗಾಲಿಟ್ಟಳು.

"ಬನ್ನೂ," ಎಂದ ಅವನು. "ಏ ಬನ್ನೂ. ಎಷ್ಟು ದೊಡ್ಡೋಳಾಗಿದ್ದೀಯೇ."

ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದು ನಿಂತರು. ಕೈ ಒರೆಸಿಕೊಳ್ಳುತ್ತಿದ್ದವರು ಒರೆಸಿಕೊಳ್ಳುತ್ತಲೇ ಇದ್ದರು.

ಬೇಕರಿಯವನು ನಿಂತಲ್ಲೇ ಹೇಳಿದ. ಎರಡು ವರ್ಷದ ಹಿಂದೆ ಜಾರಿ ಬಿದ್ದು ಕಾಲು ಮುರಿದಿತ್ತು. ಮೂರು ತಿಂಗಳು ಆಸ್ಪತ್ರೆಯಲ್ಲೇ ಇದ್ದ. ತಿರುಗಿ ಬಂದರೆ ಕೋಣೆಯಲ್ಲಿ ನಾಯಿಯಿರಲಿಲ್ಲ. ಒಬ್ಬಂಟಿ, ಬೇರೆ ಯಾರೂ ಇಲ್ಲ. ನಡೆಯುವಂತಾದ ಮೇಲೆ ಬೀದಿ ಬೀದಿ ಹುಡುಕಿದ್ದ, ಅಂಗಡಿಯ ಮೇಜಿನ ಕೆಳಗೆ ಹುಡುಕಬೇಕೆಂದು ಹೊಳೆದಿರಲಿಲ್ಲ. ಗೋಡೆಯ ಕಾಗದವನ್ನು ಅವನು ಓದಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ. ಗಡಿಯಾರದಂಗಡಿಯಲ್ಲಿ ನಾಯಿ ಇದೆಯಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದ.

"ಕೀಲಿ," ಎಂದರು ಅತ್ತೆ. ಮುಂದೆ ಏನೂ ಹೇಳಿ ಕಳಿಸಲಿಲ್ಲ.

ಕೀಲಿ ಅವರ ಹತ್ತಿರ ಹೋದಳು. ಕೈ ಮೂಸಿ, ಬೇಕರಿಯವನ ಹತ್ತಿರ ಬಂದಳು. ಮತ್ತೆ ಅತ್ತೆಯ ಹತ್ತಿರ ಹೋದಳು. ಯಾವ ಮಾತನ್ನು ಎಲ್ಲಿಗೆ ಮುಟ್ಟಿಸಬೇಕೆಂದು ತಿಳಿಯದೆ ಕೋಣೆಯ ನಡುವೆ ನಿಂತುಬಿಟ್ಟಳು. ಹದಿನೇಳು ಗಡಿಯಾರಗಳ ಸದ್ದು ಜೋರಾಗಿ ಕೇಳಿಸತೊಡಗಿತು.

ಬೇಕರಿಯವನು ಎಲ್ಲವನ್ನೂ ನೋಡಿದ. ಹೊಲಿದು ಮಡಿಸಿಟ್ಟ ಶಾಲು, ತೊಳೆದು ಬೋರಲು ಹಾಕಿದ ಬಟ್ಟಲು, ಬಾಗಿಲ ಚೌಕಟ್ಟು ಹಿಡಿದ ಮುದುಕಿಯ ಬೆರಳು. ಆಮೇಲೆ ಕಷ್ಟಪಟ್ಟು ಕೂತು, ಕೀಲಿಯ ದವಡೆ ಹಿಡಿದ. ಯಾವಾಗಲೂ ಮಾಡಿ ಅಭ್ಯಾಸವಾದ ಹಾಗೆ ಅವನ ಹೆಬ್ಬೆರಳು ತಾನಾಗಿ ಅವಳ ತುಟಿಯ ಮೂಲೆಗೆ ಹೋಯಿತು. ಅವಳು ಬಾಯಿ ತೆರೆದಳು. ಬಹಳ ಹೊತ್ತು ನೋಡಿದ.

"ಇಲ್ಲ," ಎಂದು ಎದ್ದ. "ನಮ್ಮ ಬನ್ನು ನಾಲಿಗೆ ಮೇಲೆ ಒಂದು ಚುಕ್ಕೆನೂ ಇರಲಿಲ್ಲ. ಅಚ್ಚ ಗುಲಾಬಿ. ಇದು ನಮ್ಮದಲ್ಲ ಬಿಡಿ."

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ಗಡಿಯಾರದವನು ಅಲ್ಲೇ ಇದ್ದನಲ್ಲ.

"ಅಯ್ಯೋ, ಹಾಗಲ್ಲ ಸ್ವಾಮಿ!" ಎಂದು ಮೇಜು ದಾಟಿ ಬಂದ. "ಚುಕ್ಕೆ ಬೆಳೀತಾ ಬರುತ್ತಂತೆ! ಡಾಕ್ಟರೇ ಹೇಳಿದ್ದಾರೆ. ನಿಮ್ಮ ಹತ್ತಿರ ಇದ್ದಾಗ ಇರಲಿಲ್ಲ, ಇಲ್ಲಿಗೆ ಬಂದ ಮೇಲೆ ಬಂದಿದೆ. ಇದು ನಿಮ್ಮದೇ!"

"ನಮ್ಮದು ಇನ್ನೂ ಸಣ್ಣದು."

"ಎರಡು ವರ್ಷ ಆಯ್ತಲ್ಲ, ಬೆಳೆದಿದೆ!"

"ನಮ್ಮದರ ಬಾಲ ಗಿಡ್ಡ."

"ಬಾಲಾನೂ ಬೆಳೆದಿದೆ!"

"ನಮ್ಮದು ಗಂಡು ಸ್ವಾಮಿ," ಎಂದ ಬೇಕರಿಯವನು, ಬೇರೆ ದಾರಿ ಕಾಣದೆ.

"ಈಗ ತಾನೇ 'ದೊಡ್ಡೋಳಾಗಿದ್ದೀಯೇ' ಅಂದ್ರಲ್ಲ! ನಾನು ಕಿವಿಯಾರೆ ಕೇಳಿದೆ. ಅವಳಿಗೂ ನಿಮ್ಮ ಗುರುತು ಸಿಕ್ಕಿದೆ. ನೋಡಿ, ಬೇರೆಯವರ ವಸ್ತು ನಾನು ಇವತ್ತಿನವರೆಗೆ ಇಟ್ಕೊಂಡಿಲ್ಲ. ಇರಿ, ಸರ್ಟಿಫಿಕೇಟು ಓದ್ತೀನಿ, ನಿಮಗೇ ಗೊತ್ತಾಗುತ್ತೆ..."

"ಅಳಿಯಂದಿರೇ!"

ಅವನು ಸರ್ಟಿಫಿಕೇಟಿಗೆ ಚಾಚಿದ ಕೈ ಹಾಗೆಯೇ ನಿಂತಿತು.

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?" ಎಂದರು ಅತ್ತೆ.

ಕೀಲಿ ತಲೆ ಎತ್ತಿ ಅತ್ತೆಯನ್ನು ನೋಡಿದಳು, ಅಳಿಯನನ್ನು ನೋಡಿದಳು. ತನ್ನನ್ನು ದಾಟಿಕೊಂಡೇ ಒಂದು ಮಾತು ಹೋಗಿ ಮುಟ್ಟಿದ್ದು ಅವಳಿಗೂ ಹೊಸದು.

ಅತ್ತೆ ಗಿರಾಕಿಗಳ ಕುರ್ಚಿಯನ್ನು ಎಳೆದು ಬೇಕರಿಯವನ ಮುಂದೆ ಇಟ್ಟರು. "ಕೂತ್ಕೊಳ್ಳಪ್ಪ. ಆ ಕಾಲಲ್ಲಿ ಎಷ್ಟು ಹೊತ್ತು ನಿಂತಿರ್ತೀಯಾ? ನಿಂದಲ್ಲ ಅಂತೀಯಲ್ಲ, ಆಯ್ತು, ನಿಂದಲ್ಲ. ಆದರೆ ನಿನ್ನ ಕಂಡರೆ ಅವಳಿಗೆ ಇಷ್ಟ ಇದ್ದಂಗಿದೆ. ಒಲೆ ಕೆಲಸ ಎಷ್ಟೊತ್ತಿಗೆ ಮುಗಿಯುತ್ತೆ?"

"ಎರಡೂವರೆಗೆ, ಅಮ್ಮ."

"ಹಾಗಾದರೆ ದಿನಾ ಮೂರಕ್ಕೆ ಬಾ. ಚಹಾ ಕುಡಿದು, ಇವಳನ್ನ ಒಂದು ಸುತ್ತು ತಿರುಗಾಡಿಸಿಕೊಂಡು ಬಾ. ನನಗೆ ಮಂಡಿನೋವು, ನನ್ನ ಕೈಲಾಗಲ್ಲ. ಇವರಿಗೆ ಬಿಟ್ಟರೆ ದಾರೀಲಿ ಯಾರಿಗಾದರೂ ಕೊಟ್ಟು ಬರ್ತಾರೆ."

ಬೇಕರಿಯವನು ಕೂತ. ಅವನ ಬೂಟಿನ ಮೇಲೆ ಗದ್ದವಿಟ್ಟು ಕೀಲಿಯೂ ಮಲಗಿದಳು. ಗಡಿಯಾರದವನು ಬಾಯಿ ಮುಚ್ಚಿಕೊಂಡೇ ಇದ್ದ. ಚಹಾ ಬಂದಾಗಲೂ ತಲೆಯಾಡಿಸಿದನೇ ಹೊರತು ತುಟಿ ಬಿಚ್ಚಲಿಲ್ಲ. ಆದರೆ ಐದೂವರೆಯ ಹೊತ್ತಿಗೆ ಅವನಿಂದ ತಡೆಯಲಾಗಲಿಲ್ಲ. ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಬಸ್ ನಿಲ್ದಾಣಕ್ಕೆ ಓಡಿದ. ಹೆಂಡತಿ ಬಸ್ಸಿನ ಮೆಟ್ಟಿಲ ಮೇಲಿರುವಾಗಲೇ ಅವಳ ಕೈಚೀಲ ಹಿಡಿದುಕೊಂಡ.

"ನಿಮ್ಮಮ್ಮ ನನ್ನ ಜೊತೆ ಮಾತಾಡಿದರು ಕಣೇ!"

ಅವಳು ಇಳಿಯುವುದನ್ನೇ ಮರೆತು ನಿಂತಳು. ಹಿಂದಿನವರು ಗೊಣಗಿದರು. "ನಿಮ್ಮ ಜೊತೆನಾ? ನೇರವಾಗಿ?"

"ನೇರವಾಗಿ. ಮುಖ ನೋಡಿಕೊಂಡು. 'ಅಳಿಯಂದಿರೇ' ಅಂದರು."

"ಹದಿನಾರು ವರ್ಷಕ್ಕೆ!" ಅವಳ ಕಣ್ಣು ತುಂಬಿಬಂತು. "ಏನಂದ್ರು? ಹೇಳಿ, ಏನಂದ್ರು?"

ಅವನು ಎದೆಯುಬ್ಬಿಸಿ ನಿಂತ.

"ಬಾಯಿ ಮುಚ್ಕೊಳ್ಳಿ ಅಂದ್ರು."